ಒಂದು ತೊಟ್ಟು ತಗೊಂಡು ಹೋಗಿ

ಈ ಊರಿನಲ್ಲಿ ಇದುವರೆಗೆ ಯಾರಿಗೆ ಯಾವ ಕಾಯಿಲೆ ಬಂದಿದ್ದರೂ ಅದು ಮೊದಲು ನನ್ನ ಹತ್ತಿರ ಬಂದು, ನನ್ನನ್ನು ಏನೂ ಮಾಡಲಾಗದೆ, ಕೈಮುಗಿದು, ಆಮೇಲೆ ಅವರ ಮನೆಗೆ ಹೋದದ್ದು. ಕ್ಷಯ, ಕಾಮಾಲೆ, ಉಬ್ಬಸ, ಸಕ್ಕರೆ, ಯಾವುದೂ ಬಿಟ್ಟಿಲ್ಲ. ಹೆರಿಗೆ ನೋವನ್ನೂ ಒಂದು ಸಲ ತಿಂದಿದ್ದೇನೆ. ಸಂತೆಗೆ ಹೋಗುವ ದಾರಿಯಲ್ಲಿ ಬಂತು. ಹೊಂಗೆ ಮರದ ಕೆಳಗೆ ಕೂತು ಮುಗಿಸಿಕೊಂಡು, ಬೆಂಡೆಕಾಯಿ ಕೊಂಡು ಮನೆಗೆ ಬಂದೆ. ನಂಬದವರು ಬೆಂಡೆಕಾಯಿ ಮಾರಿದವಳನ್ನು ಕೇಳಬಹುದು. ಅವಳು ಸತ್ತು ಬಹಳ ಕಾಲವಾಯಿತು, ಆದರೂ ಕೇಳಬಹುದು.

ನನ್ನ ಹೆಸರು ಗುರುಮಲ್ಲಪ್ಪ. ಈ ಊರಿಗೆ ನಾನು ದೊನ್ನೆಯವನು. ನಮ್ಮಪ್ಪನೂ ದೊನ್ನೆಯವನು, ಅವರಪ್ಪನೂ. ಇಲ್ಲಿ ಒಬ್ಬರು ತೀರಿಕೊಂಡರೆ, ಮಣ್ಣು ಮುಗಿಸಿ ಬಂದ ಮೇಲೆ, ಮನೆಯವರು ನಡುಮನೆಯಲ್ಲಿ ಸಾಲಾಗಿ ಕೂರುತ್ತಾರೆ. ಸತ್ತವರ ತಲೆದೆಸೆಯಲ್ಲಿಟ್ಟಿದ್ದ ಚೊಂಬಿನ ನೀರನ್ನು ನಾನು ಮುತ್ತುಗದೆಲೆಯ ದೊನ್ನೆಗೆ ಬಗ್ಗಿಸುತ್ತೇನೆ. ಅವರು ಪಟ್ಟ ಕಾಯಿಲೆಯೆಲ್ಲ ಆ ನೀರಿನಲ್ಲಿರುತ್ತದೆ. ಮಕ್ಕಳಲ್ಲೋ ಮೊಮ್ಮಕ್ಕಳಲ್ಲೋ ಒಬ್ಬರು ‘ಆಯ್ತು’ ಎಂದು ಕುಡಿಯಬೇಕು. ಕುಡಿದವರಿಗೆ ಆ ಕಾಯಿಲೆ; ಹೊಲ, ಮನೆ, ಹಂಡೆ, ಕೊಳಗದ ಪಾಲಿನ ಮಾತು ಅದಾದ ಮೇಲೆ. ಯಾರೂ ‘ಆಯ್ತು’ ಅನ್ನದಿದ್ದರೆ ಸತ್ತವರು ಮನೆ ಬಿಟ್ಟು ಹೋಗುವುದಿಲ್ಲ. ಸೋಡಾ ಅಂಗಡಿಯವರ ಮನೆಯಲ್ಲಿ ಅಜ್ಜನ ಕೆಮ್ಮು ಹಾಗೆಯೇ ಉಳಿದುಕೊಂಡಿತ್ತು. ಮನೆಯವರು ರೇಡಿಯೋ ಜೋರು ಮಾಡಿಕೊಂಡು, ನಂಟರು ಬೆಚ್ಚಿಬಿದ್ದರೆ, “ನಮ್ಮ ತಾತ ಕಣ್ರೀ, ನೀವು ಕೂತ್ಕಳಿ,” ಎಂದು ಚಾಪೆ ಹಾಸುತ್ತಿದ್ದರು.

ಹೆಣ್ಣು ನೋಡಲು ಬಂದವರು ಉಪ್ಪಿಟ್ಟಿಗೆ ಕೈ ಹಾಕುವ ಮೊದಲೇ ಕೇಳುತ್ತಿದ್ದರು: “ನಿಮ್ಮಜ್ಜಿ ಯಾವುದರಲ್ಲಿ ಹೋಗಿದ್ದು? ಕುಡಿದೋರು ಯಾರು?” ಪಾಲಿಗೆ ಕೂತ ಅಣ್ಣತಮ್ಮಂದಿರ ಜಗಳ ಕೇಳಲು ಪಕ್ಕದೂರಿನಿಂದ ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. “ಸಕ್ಕರೆ ನೀನೇ ಕುಡಿ, ನೀನು ಹೆಂಗೂ ಸಿಹಿ ಮುಟ್ಟಲ್ಲ.” “ನಾನ್ಯಾಕಲಾ ಕುಡೀಲಿ? ಅಪ್ಪ ಸೈಕಲ್ಲು ಕೊಡ್ಸಿದ್ದು ನಿಂಗೆ. ತುಳ್ದೋನು ನೀನು, ಕುಡಿಯೋನೂ ನೀನೇ.” ನಾನು ನಡುವೆ ಕೂತು ಒಂದು ಹುಬ್ಬು ಎತ್ತಿದರೆ ಸಾಕು, ಇಬ್ಬರೂ ನಾ ಮುಂದು ತಾ ಮುಂದು ಎಂದು ದೊನ್ನೆಗೆ ಕೈಚಾಚುತ್ತಿದ್ದರು. ನನ್ನ ದೊನ್ನೆಯಿಂದ ಒಂದು ತೊಟ್ಟೂ ಹಿಂದಕ್ಕೆ ಹೋದದ್ದಿಲ್ಲ ಎಂಬುದು ಸುತ್ತಮುತ್ತಲ ಸೀಮೆಗೆಲ್ಲ ಗೊತ್ತು. ಸೋಡಾ ಅಂಗಡಿಯವರ ಅಜ್ಜನ ದೊನ್ನೆ ನಮ್ಮಪ್ಪ ಹಿಡಿದದ್ದು. ಅದು ನನ್ನ ಲೆಕ್ಕಕ್ಕೆ ಬರುವುದಿಲ್ಲ.

ಇಷ್ಟನ್ನೂ ನಾನು ಮೊನ್ನೆ ಜಗಲಿಯ ಮೇಲೆ ಕೂತು ನಸೀಮಾ ಎಂಬ ಹೆಣ್ಣುಮಗಳಿಗೆ ಹೇಳಿದೆ. ದೂರದ ವಿದ್ಯಾಲಯದಲ್ಲಿ ಪಾಠ ಹೇಳುವವಳು, ನನ್ನ ನಾದಿನಿ ಡಾಕ್ಟರ್ ಸರ್ವಮಂಗಳಳ ಶಿಷ್ಯೆ. ಬಸ್ಸಿಳಿದು ಬಂದವಳು ಚಪ್ಪಲಿ ಬಿಡುತ್ತಲೇ, “ಮೇಡಂ ಇದ್ದಾರಾ ತಾತ?” ಎಂದಳು.

“ಒಳಗೆ ಮಲಗವ್ಳೆ. ನೆನ್ನೆ ಊರೂರು ತಿರುಗಿ ದಣಿದವ್ಳೆ,” ಎಂದೆ. “ಏಳಲಿ. ಅಲ್ಲೀಗಂಟ ಏನು ಬೇಕೋ ನನ್ನ ಕೇಳು. ಅವಳಿಗೆ ಗೊತ್ತಿರೋದೂ ಗೊತ್ತು ನಂಗೆ, ಗೊತ್ತಿಲ್ಲದ್ದೂ ಗೊತ್ತು.”

ವಿದ್ಯಾಲಯದವರು ಸರ್ವಮಂಗಳಳ ಮೇಲೆ ಒಂದು ಪುಸ್ತಕ ತರುತ್ತಾರಂತೆ, ಬರೆಯುವವಳು ಇವಳಂತೆ. “ಎಲ್ಲ ಬರೆದಾಯ್ತು ತಾತ,” ಎಂದಳು. “ಕೊನೆಯದು ಒಂದು ಗೊತ್ತಿಲ್ಲ. ಕೈಯಾರೆ ಕಟ್ಟಿದ ವಿಭಾಗ ಬಿಟ್ಟು, ಯಾರಿಗೂ ಹೇಳದೆ, ಒಂದು ದಿನ ಎದ್ದು ಈ ಊರಿಗೆ ಬಂದುಬಿಟ್ಟರು. ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ. ಜನ ಬಾಯಿಗೆ ಬಂದಂಗೆ ಆಡ್ಕೋತಾರೆ.”

“ಯಾಕೆ ಬಿಟ್ಟಳು ಅಂತ ಹೇಳಬೇಕಾದ್ರೆ ಯಾಕೆ ಹಿಡಿದಳು ಅಂತ ಹೇಳಬೇಕಾಯ್ತದೆ,” ಎಂದು ಶುರು ಮಾಡಿದೆ.

ನನ್ನ ಹೆಂಡತಿ ದೇವಮ್ಮಣ್ಣಿ ಮತ್ತು ಸರ್ವಮಂಗಳ ಅಕ್ಕತಂಗಿಯರು. ಅವರವ್ವ ಸಕ್ಕರೆ ಕಾಯಿಲೆಯಲ್ಲಿ ತೀರಿಕೊಂಡಾಗ ನಮ್ಮ ಮದುವೆಯ ಅರಿಸಿನ ಇನ್ನೂ ಆರಿರಲಿಲ್ಲ. ಸರ್ವಮಂಗಳ ಲಂಗ ಎತ್ತಿ ಕಟ್ಟಿಕೊಂಡು ಕುಂಟಾಬಿಲ್ಲೆ ಆಡುವ ಹುಡುಗಿ. ನಾನು ದೊನ್ನೆಗೆ ನೀರು ಬಗ್ಗಿಸಿ ಮುಗಿಸಿರಲಿಲ್ಲ, ದೇವಮ್ಮಣ್ಣಿ ‘ಆಯ್ತು’ ಅಂದುಬಿಟ್ಟಳು. ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಒಲೆಯ ಮೇಲಿನ ಸಾರು ನೋಡಲು ಹೋದಳು. ಕಂಬ ಹಿಡಿದು ನಿಂತಿದ್ದ ಸರ್ವಮಂಗಳ ನನ್ನನ್ನು ಕೇಳಿದಳು: “ಭಾವ, ಎಲ್ಲಾನೂ ಅಕ್ಕಂಗೇ ಯಾಕೆ ಕೊಟ್ರಿ? ಒಬ್ಬಟ್ಟು ಹರಿದು ಹಂಚಿದಂಗೆ ಹಂಚಬಾರದಾ?”

“ಕಾಯಿಲೆ ಒಬ್ಬಟ್ಟಲ್ಲ ಕಣೆ ಕೂಸೆ,” ಎಂದೆ. ಊರೆಲ್ಲ ನಕ್ಕಿತು. ಅವಳು ನಗಲಿಲ್ಲ. ಆಮೇಲೆ ಅಕ್ಕನ ಕಾಲಿನ ಮಾಯದ ಗಾಯಕ್ಕೆ ದಿನಾ ಬಟ್ಟೆ ಕಟ್ಟುತ್ತಾ ಬೆಳೆದಳು.

ಲೆಕ್ಕದಲ್ಲಿ ಅವಳಂಥವಳು ಹುಟ್ಟಿರಲಿಲ್ಲ. ಓಡುವ ಎಮ್ಮೆಯ ಮೈಮೇಲಿನ ಉಣ್ಣಿಗಳನ್ನು ಎಣಿಸಿ, ಸರಾಸರಿ ತೆಗೆದು, ಎಮ್ಮೆ ಕೆರೆಗೆ ಇಳಿಯುವ ಮೊದಲು ಹೇಳಿಬಿಡುತ್ತಿದ್ದಳು. ಎಮ್ಮೆಯೂ ಒಮ್ಮೆ ನಿಂತು ಕೇಳಿಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದೂರದ ವಿದ್ಯಾಲಯಕ್ಕೆ ಹೋಗಿ ಸಂಖ್ಯಾಶಾಸ್ತ್ರ ಓದಿದಳು, ಅದರ ಮೇಲೆ ವಂಶವಾಹಿಗಳ ವಿದ್ಯೆ ಓದಿದಳು. ಅಲ್ಲಿನ ದೊಡ್ಡವರೆಲ್ಲ ಅವಳಿಗೆ ಒಂದೇ ಮಾತು ಹೇಳಿದರಂತೆ: ವಂಶವಾಹಿಗಳಲ್ಲಿ ಒಂದು ಕಾಯಿಲೆಗೆ ಒಬ್ಬನೇ ಕಳ್ಳ ಇರುತ್ತಾನೆ, ಅವನನ್ನು ಹಿಡಿದುಕೊಂಡು ಬಾ. ಇವಳು ವರ್ಷಗಟ್ಟಲೆ ಹುಡುಕಿ ಹೋಗಿ ಹೇಳಿದಳು: ಕಳ್ಳ ಇಲ್ಲ, ಊರಿಗೆ ಊರೇ ಒಂದೊಂದು ಹಿಡಿ ಕದ್ದಿದೆ. ಅವರು ನಕ್ಕರು. ಊರಿನವರ ನಗುವೂ ಓದಿದವರ ನಗುವೂ ಒಂದೇ ಥರ ಇರುತ್ತದೆ ಎಂದು ಅವಳು ಕಂಡುಕೊಂಡದ್ದು ಆವಾಗಲೇ. ಮುಂದೆ ಅದೇ ಮಾತು ನಿಜವೆಂದು ಗೊತ್ತಾದಾಗ, ಅವಳ ಗುರುಗಳು ಅದನ್ನು ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿ, ಕೆಳಗೆ ಸಣ್ಣಕ್ಷರದಲ್ಲಿ ಇವಳಿಗೆ ಕೃತಜ್ಞತೆ ಹೇಳಿದರು.

“ಆ ಗುರುಗಳು ನಂಗೂ ಗೊತ್ತು,” ಎಂದು ನಸೀಮಾ ಹುಳ್ಳಗೆ ನಕ್ಕಳು. “ಈಗ ಅವರ ಹೆಸರಿನ ಸಭಾಂಗಣದಲ್ಲೇ ಪುಸ್ತಕದ ಬಿಡುಗಡೆ.”

ಹಾಗೆ ಕಲಿತುಕೊಂಡು ಸರ್ವಮಂಗಳ ಊರಿಗೆ ಬಂದಳು. ನಾನು ಜಗಲಿಯ ಮೇಲೆ ದೊನ್ನೆಗೆ ಕಡ್ಡಿ ಚುಚ್ಚುತ್ತಾ ಕೂತಿದ್ದೆ. ಪಕ್ಕದಲ್ಲಿ ಕೂತು ರಾಗಿ ರಾಶಿಗೆ ಕೈ ತೋರಿಸಿದಳು. “ಭಾವ, ಆ ಒಂದು ಕಾಳಿಗೆ ತೂಕ ಐತಾ?”

“ಒಂದು ಕಾಳಿಗೆ ಎಂಥ ತೂಕ?”

“ರಾಶಿಗೆ?”

“ಹೊತ್ಕೊಂಡ್ರೆ ಸೊಂಟ ಮುರೀತದೆ.”

“ಕಾಯಿಲೆನೂ ಅಷ್ಟೇ. ಸಕ್ಕರೆ ಅನ್ನೋದು ಒಂದು ಅಲ್ಲ, ಸಾವಿರ ಕಾಳು. ನಿಮ್ಮ ತಾತನ ಕಾಲದಿಂದ ನೀವು ರಾಶಿರಾಶೀನೇ ಒಬ್ಬರ ತಲೆ ಮೇಲೆ ಸುರೀತಾ ಬಂದಿದ್ದೀರಿ. ಪ್ರತಿಯೊಬ್ಬರ ಒಳಗೂ ಕೆರೆಗೆ ಇದ್ದಂಗೆ ಒಂದು ಏರಿ ಇರ್ತದೆ. ನೀರು ಏರಿಗಿಂತ ಕೆಳಗಿರೋವರೆಗೂ ಏನೂ ಆಗಲ್ಲ. ಮೀರಿದ ದಿನ ಒಡೀತದೆ. ತೊಟ್ಟು ತೊಟ್ಟಾಗಿ ಊರಿಗೆಲ್ಲ ಹಂಚಿಬಿಟ್ರೆ ಯಾರ ಏರಿನೂ ಒಡೆಯಲ್ಲ.”

ಈ ಉಪಾಯ ಮೊದಲು ನನಗೇ ಹೊಳೆದಿತ್ತು. ಅವಳು ಬೇಜಾರು ಮಾಡಿಕೊಳ್ಳುತ್ತಾಳೆ ಎಂದು ಸುಮ್ಮನಿದ್ದೆ. ಊರನ್ನು ಒಪ್ಪಿಸಿದ್ದಂತೂ ನಾನೇ. ಸತ್ತವರ ಮನೆಯವರೇ ಕುಡಿಯಬೇಕೆಂದು ಎಲ್ಲಿಯೂ ಇಲ್ಲ, ‘ಆಯ್ತು’ ಎಂದವರೆಲ್ಲ ಕುಡಿಯಬಹುದು, ಒಬ್ಬೊಬ್ಬರು ಒಂದೊಂದೇ ತೊಟ್ಟು ಎಂದು ಸಾರಿದೆ. ಅವಳು ಎರಡು ಕಟ್ಟುಪಾಡು ಮಾಡಿದಳು. ಒಂದು, ಈಗಾಗಲೇ ಇಡೀ ದೊನ್ನೆ ಕುಡಿದವರಿಗೆ ಮತ್ತೆ ತೊಟ್ಟು ಕೊಡಬಾರದು. ನನ್ನ ಕಡೆ ತಿರುಗಿ, “ಅಕ್ಕಂಗಂತೂ ಒಂದೂ ಇಲ್ಲ ಭಾವ, ಅವಳ ಏರಿ ತುಂಬಿ ನಿಂತದೆ,” ಎಂದಳು. ಇನ್ನೊಂದು, ಲೆಕ್ಕ ಇಡುವವಳು ಲೆಕ್ಕದ ಒಳಗೆ ಸೇರಬಾರದು, ಆದ್ದರಿಂದ ತಾನು ಕುಡಿಯುವುದಿಲ್ಲ. ಬಗ್ಗಿಸುವವನು ಕುಡಿಯಬಾರದೆಂಬುದು ನಮ್ಮ ಹಳೆಯ ಪದ್ಧತಿ. ಹೀಗೆ ಊರಿನಲ್ಲಿ ದೊನ್ನೆಯನ್ನಾಗಲಿ ತೊಟ್ಟನ್ನಾಗಲಿ ಕುಡಿಯದವರು ನಾವಿಬ್ಬರೇ ಉಳಿದೆವು, ಎಣಿಸುವವಳು ಮತ್ತು ಬಗ್ಗಿಸುವವನು.

ಮೊದಮೊದಲು ಊರು ಹಬ್ಬ ಮಾಡಿತು. ‘ತೊಟ್ಟಿಗೆ ಕರೆಯುವುದು’ ಎಂಬ ಹೊಸ ಶಾಸ್ತ್ರವೇ ಹುಟ್ಟಿತು. ಹೆಂಗಸರು ಒಳ್ಳೆಯ ಸೀರೆ ಉಟ್ಟು ಬರುವರು. ಮನೆಯವರು ಬಾಗಿಲಲ್ಲಿ ನಿಂತು, “ಬನ್ನಿ ಬನ್ನಿ, ಒಂದು ತೊಟ್ಟು ತಗೊಂಡು ಹೋಗಿ,” ಎನ್ನುವರು. ಬಾರದವರ ಮೇಲೆ ಮುನಿಸು: “ಅವರತ್ತೆ ಹೋದಾಗ ನಾನು ಜ್ವರದಲ್ಲೂ ಹೋಗಿ ತಗೊಂಡು ಬಂದೆ, ನಮ್ಮ ಮಾವಂದಕ್ಕೆ ಬಂದ್ಲಾ ನೋಡು.” ಯಾರೂ ಕಾಯಿಲೆ ಬೀಳಲಿಲ್ಲ. ಆಸ್ಪತ್ರೆಯ ಕಾಂಪೌಂಡರು ಮದ್ದಿನ ಬಾಟಲಿಗಳಲ್ಲಿ ಮನಿಪ್ಲಾಂಟ್ ಬೆಳೆಸಿದರು. ಸರ್ವಮಂಗಳಳಿಗೆ ವಿದ್ಯಾಲಯ ದೊಡ್ಡ ಪೀಠ ಕೊಟ್ಟಿತು, ನಕ್ಕವರೇ ಹಾರ ಹಾಕಿದರು. ಅವಳನ್ನು ನೋಡಲು ಬಂದ ಪರದೇಶದವರು ನನ್ನ ಕೈ ಕುಲುಕಿ, ಆ ಕೈಯನ್ನು ಊರು ಸೇರುವ ತನಕ ತೊಳೆಯಲಿಲ್ಲವಂತೆ.

ಆಮೇಲೆ ಜನ ಜನರಾದರು. ಒಬ್ಬರಿಗೆ ಉಪವಾಸ, ಒಬ್ಬರಿಗೆ ಪ್ರಯಾಣ. ಒಬ್ಬರ ಹಲ್ಲು ನೋವು ಯಾವಾಗಲೂ ಹೆಣ ಎತ್ತಿದ ಮೇಲೆಯೇ ಶುರುವಾಗುತ್ತಿತ್ತು. ಹೆಡ್‌ಮಾಸ್ತರು ತಮ್ಮ ಬದಲಿಗೆ ಕೊಡೆ ಕಳಿಸಿದರು. ಕೊಡೆ ಸಾಲಿನಲ್ಲಿ ಕೂತಿತು. ದೊನ್ನೆಯ ತಳದಲ್ಲಿ ತೊಟ್ಟುಗಳು ಉಳಿಯತೊಡಗಿದವು. ಆಗೆಲ್ಲ ಪಾತ್ರೆ ಎತ್ತಿಕೊಡಲು ನನ್ನ ಜೊತೆ ಬರುತ್ತಿದ್ದವಳು ದೇವಮ್ಮಣ್ಣಿ. ಅಡುಗೆಮನೆಯ ಬಾಗಿಲ ಪಕ್ಕ ಕೂತು ನನ್ನ ಮುಖ ನೋಡುತ್ತಿದ್ದಳು. ದೊನ್ನೆ ಹಿಂದಕ್ಕೆ ಹೋದರೆ ಗುರುಮಲ್ಲಪ್ಪನ ಹೆಸರೇನಾಗಬೇಕು? “ತತ್ತನ್ನಿ ಇತ್ಲಾಗೆ, ಅದಕ್ಕೇನಂತೆ, ನಾಕು ತೊಟ್ಟು,” ಎಂದು ಕೈ ಒಡ್ಡುತ್ತಿದ್ದಳು.

“ನೀವು ಕೊಟ್ರಾ?” ಎಂದು ನಸೀಮಾ ನಡುವೆ ಬಾಯಿ ಹಾಕಿದಳು. “ಮೇಡಂ ಬೇಡ ಅಂದಿದ್ರಲ್ಲ?”

“ನಾನು ಕುಡಿ ಅಂದ್ನಾ? ಅವಳೇ ಈಸ್ಕಂಡ್ಳು,” ಎಂದೆ. “ಮೇಲಿಂದ, ‘ತಂಗೀಗೆ ಹೇಳಬ್ಯಾಡಿ, ಎದೆ ಒಡ್ಕೋತಾಳೆ’ ಅಂತ ನನ್ನ ಕೈಲಿ ಆಣೆ ಇಡಿಸ್ಕೊಂಡ್ಳು. ಹೆಂಡ್ತಿ ಆಣೆ ಮೀರೋ ಗಂಡಸು ನಾನಲ್ಲ.”

ನಸೀಮಾ ಬರೆದುಕೊಳ್ಳಲಿಲ್ಲ. ಸುಮ್ಮನೆ ನನ್ನ ಮುಖ ನೋಡಿದಳು. ಓದಿದ ಹೆಂಗಸರು ಹಾಗೆ ನೋಡುವುದು ನನಗೆ ಹಿಡಿಸುವುದಿಲ್ಲ. ನಾನು ಮುಂದಕ್ಕೆ ಹೋದೆ.

ಸರ್ವಮಂಗಳ ವರ್ಷಕ್ಕೊಂದು ಸಲ ಬಂದು ಎಲ್ಲರಿಂದ ಬಾಯಿ ಮುಕ್ಕಳಿಸಿದ ನೀರನ್ನು ಲೋಟಗಳಲ್ಲಿ ತೆಗೆದುಕೊಳ್ಳುತ್ತಿದ್ದಳು. ಯಾರೊಳಗೆ ಎಷ್ಟು ತುಂಬಿದೆ ಎಂದು ಅದರಲ್ಲಿ ಅವಳಿಗೆ ಕಾಣುತ್ತಿತ್ತು. ಲೋಟದ ಮೇಲೆ ಹೆಸರಿಲ್ಲ, ಗುರುತು ಮಾತ್ರ. ಮನೆಮನೆಗೆ ಹೋಗಿ ಲೋಟ ತರುವವನು, ಬೂದಿ ಹಚ್ಚಿ ತೊಳೆಯುವವನು ನಾನು. “ಹೆಸರು ಯಾಕೆ ಬ್ಯಾಡ ಮಂಗಳ?” ಎಂದು ಕೇಳಿದ್ದೆ. “ಹೆಸರು ಗೊತ್ತಾದ್ರೆ ಲೆಕ್ಕಕ್ಕೆ ಕರುಣೆ ಬರ್ತದೆ ಭಾವ,” ಎಂದಿದ್ದಳು.

ಊರಿನಲ್ಲಿ ನಮಗಿಬ್ಬರಿಗೂ ದೊಡ್ಡ ಸನ್ಮಾನ ಇಟ್ಟುಕೊಂಡಿದ್ದ ವರ್ಷ. ಅವಳು ಒಂದು ದೊಡ್ಡ ಹಾಳೆ ಹರಡಿ ನನ್ನನ್ನು ಕರೆದಳು. ಊರಿನವರೆಲ್ಲ ಅದರಲ್ಲಿ ಒಂದೊಂದು ಚುಕ್ಕೆ. ಚುಕ್ಕೆಗಳೆಲ್ಲ ಸಂತೆಯಲ್ಲಿ ನಿಂತ ಜನರಂತೆ ಕೆಳಗೆ ಗುಂಪಾಗಿದ್ದವು. ಒಂದೇ ಒಂದು ಚುಕ್ಕೆ ಹಾಳೆಯ ತಲೆಯ ಹತ್ತಿರ, ಬೇರೆ, ಒಂಟಿ.

“ಇಷ್ಟು ಇರೋಕೆ ಸಾಧ್ಯ ಇಲ್ಲ,” ಎಂದಳು. “ಇಷ್ಟು ತುಂಬಿಕೊಂಡೋರು ಎದ್ದು ಓಡಾಡೋಕಾಗಲ್ಲ. ಏರಿ ಅಂಚಲ್ಲಿ ನಿಂತಿರ್ತಾರೆ. ಭಾವ, ಈ ಲೋಟ ಸರಿಯಾಗಿ ತೊಳೆದಿದ್ರಾ?”

ಆ ದಿನ ಬೂದಿ ಮುಗಿದಿತ್ತು. ಮನೆಯಲ್ಲಿ ನೆಂಟರು, ಗಡಿಬಿಡಿ. “ಅದೊಂದು ತೊಳ್ದಿರಲಿಲ್ಲ ಕಣವ್ವಾ, ಮರ್ತುಬಿಟ್ಟೆ,” ಎಂದೆ. ಇದ್ದದ್ದನ್ನು ಇದ್ದಂತೆ ಹೇಳಿದೆ. ಅವಳು ನಿಟ್ಟುಸಿರು ಬಿಟ್ಟು, “ಸದ್ಯ,” ಎಂದು ಆ ಚುಕ್ಕೆಯನ್ನು ಅಳಿಸಿದಳು. ಹಾಳೆ ಚೊಕ್ಕಟವಾಯಿತು. ಹಾಗೆ ಅಳಿಸುವುದು ಅವರ ಕಸುಬಿನಲ್ಲಿ ತಪ್ಪೇನಲ್ಲವಂತೆ. ಕೊಳೆ ಲೋಟದ ಲೆಕ್ಕ ಇಟ್ಟುಕೊಳ್ಳುವುದೇ ತಪ್ಪಂತೆ.

“ಹೌದು,” ಎಂದಳು ನಸೀಮಾ ಮೆಲ್ಲಗೆ. “ನಾವೂ ಅಳಿಸ್ತೀವಿ.”

ಸನ್ಮಾನ ಆಯಿತು. ನನಗೆ ಹೊದಿಸಿದ ಶಾಲು ಎಷ್ಟು ದೊಡ್ಡದೆಂದರೆ ಉಳಿದ ಅಂಚಿನಲ್ಲಿ ಎರಡು ಎತ್ತು ಮಲಗಬಹುದಿತ್ತು. ಅದಾಗಿ ಸ್ವಲ್ಪ ದಿನಕ್ಕೆ ದೇವಮ್ಮಣ್ಣಿ ಬಾವಿಕಟ್ಟೆಯ ಹತ್ತಿರ ಬಿಂದಿಗೆ ಸಮೇತ ಕುಸಿದಳು. ಊರಿನ ಎಲ್ಲ ಕಾಯಿಲೆಯೂ ಅವಳಲ್ಲಿ ಒಟ್ಟಿಗೆ ಎದ್ದಿತು. ಅವರತ್ತೆಯ ಕೀಲುನೋವು, ಇವರ ಮಾವನ ಉಬ್ಬಸ, ಯಾರದೋ ಚಿಕ್ಕಪ್ಪನ ಕೈನಡುಕ. ನೋಡಲು ಬಂದವರು ತಮ್ಮವರದನ್ನು ಗುರುತು ಹಿಡಿದು ಬಾಗಿಲಿನಿಂದಲೇ ಹಿಂದೆ ಸರಿದರು. “ನಮ್ಮಪ್ಪ ಹಿಂಗೇ ಮುಲುಕ್ತಿದ್ದ,” ಎಂದು ಒಬ್ಬ ಅತ್ತೂ ಬಿಟ್ಟ. ಅತ್ತು, ಮನೆಗೆ ಹೋದ.

ಸರ್ವಮಂಗಳ ಓಡಿ ಬಂದಳು. ಅಕ್ಕನ ಬಾಯಿಗೆ ತಾನೇ ನೀರು ಹಾಕಿ, ತಾನೇ ಲೋಟ ಹಿಡಿದು, ತಾನೇ ಲೆಕ್ಕ ಮಾಡಿದಳು. ಚುಕ್ಕೆ ಹೋಗಿ ಕೂತದ್ದು ಅಳಿಸಿದ ಜಾಗದಲ್ಲೇ. ಅಳಿಸಿದ ಗುರುತು ಹಾಳೆಯ ಮೇಲೆ ಇನ್ನೂ ಇತ್ತು. ಅವಳು ಆ ಜಾಗದ ಮೇಲೆ ಬೆರಳಿಟ್ಟುಕೊಂಡು ಕೂತಳು. ಊಟಕ್ಕೆ ಕರೆದರೆ ಏಳಲಿಲ್ಲ. “ಅಕ್ಕ ತೋರಿಸಿಕೊಂಡಿದ್ಲು ಭಾವ. ನಾನೇ ಒರೆಸಿ ಹಾಕ್ದೆ,” ಎಂದಳು. ನಾನು ಸಮಾಧಾನ ಹೇಳಿದೆ. ಸಮಾಧಾನ ಹೇಳುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ.

ದೇವಮ್ಮಣ್ಣಿ ಹೋದಳು. ಮಣ್ಣು ಮುಗಿಸಿ ಬಂದು ನಡುಮನೆಯಲ್ಲಿ ಚಾಪೆ ಹಾಸಿದೆವು. ತೊಟ್ಟಿಗೆ ಬನ್ನಿ ಎಂದು ಮನೆಮನೆಗೂ ನಾನೇ ಹೋಗಿ ಕರೆದೆ. ಒಬ್ಬರೂ ಬರಲಿಲ್ಲ. “ಅದ್ರಲ್ಲಿ ಇರೋದೆಲ್ಲಾ ನಮ್ಮೋರದ್ದೇ ಅಲ್ವಾ ಗುರುಮಲ್ಲಪ್ಪೋರೆ, ಕೊಟ್ಟಿದ್ದನ್ನ ವಾಪಸ್ ತಗೋಬಾರ್ದು,” ಎಂದರು. ಹೆಡ್‌ಮಾಸ್ತರು ಈ ಸಲ ಕೊಡೆಯನ್ನೂ ಕಳಿಸಲಿಲ್ಲ. ಖಾಲಿ ಚಾಪೆ, ತುಂಬಿದ ದೊನ್ನೆ, ನಾವಿಬ್ಬರು. ಒಳಕೋಣೆಯಿಂದ ದೇವಮ್ಮಣ್ಣಿಯ ಉಸಿರು ಎಳೆಯುವ ಸದ್ದು ಶುರುವಾಯಿತು. ಸತ್ತ ಮೇಲೂ ಅವಳು ಉಸಿರಿಗೆ ಒದ್ದಾಡುತ್ತಿದ್ದಳು.

“ಆವಾಗ ನಾನು ಎದ್ದೆ,” ಎಂದು ನಸೀಮಾಳಿಗೆ ಹೇಳಿದೆ. ಎದ್ದು ನಿಂತೇ ಹೇಳಿದೆ, ಕೂತು ಹೇಳುವ ಮಾತಲ್ಲ ಅದು. “ಮಂಗಳ ದೊನ್ನೆಗೆ ಕೈಚಾಚಿದ್ಲು. ನಾನು ತಡೆದೆ. ‘ನೀನು ಚಿಕ್ಕೋಳು, ಬದುಕಬೇಕಾದೋಳು. ಅವಳು ನನ್ನ ಹೆಂಡ್ತಿ’ ಅಂದು ಇಡೀ ದೊನ್ನೆ ಎತ್ತಿ ಗಟಗಟ ಕುಡಿದೆ. ಒಳಗಡೆ ಸದ್ದು ನಿಂತೋಯ್ತು. ಊರಿನ ಕಾಯಿಲೆಯೆಲ್ಲ ಈ ಹೊಟ್ಟೇಲಿ ಐತೆ, ನೋಡು. ಏನಾದ್ರೂ ಆಗೈತಾ ನಂಗೆ? ಏರಿ ಅಂದ್ರೆ ಇದು! ಮಂಗಳಂಗೆ ಮನಸ್ಸು ಮುರೀತು, ಬುಟ್ಟು ಬಂದ್ಲು. ಅಷ್ಟೇಯ ಸಂಗತಿ. ಬರ್ಕೋ.”

“ಎಲ್ಲಿಗೆ ಬಂತು ಭಾವ ಕತೆ?”

ಬಾಗಿಲಲ್ಲಿ ಸರ್ವಮಂಗಳ ನಿಂತಿದ್ದಳು. ಒಂದು ಕೈ ಬಾಗಿಲವಾಡದ ಮೇಲೆ. ಇನ್ನೊಂದು ಕೈ ತನ್ನಷ್ಟಕ್ಕೆ ನಡುಗುತ್ತಿತ್ತು. ಎಡಗಾಲಿಗೆ ಬಟ್ಟೆ ಸುತ್ತಿತ್ತು. ಒಳಗಿನಿಂದ ಅಲ್ಲಿಗೆ ನಡೆದು ಬಂದದ್ದಕ್ಕೇ ಉಸಿರು ಕುಯ್ಯೆನ್ನುತ್ತಿತ್ತು. ನಸೀಮಾ ಧಡಕ್ಕನೆ ಎದ್ದು ಹೋಗಿ ಅವಳ ತೋಳು ಹಿಡಿದುಕೊಂಡಳು. “ಮೇಡಂ, ಏನಿದು? ಇವರು ಊರೂರು ತಿರುಗಿ ಬಂದಿದ್ದೀರಿ ಅಂದ್ರು…”

“ಈ ಬಾಗಿಲು ದಾಟಿ ಯಾವ ಕಾಲ ಆಯ್ತೋ,” ಎಂದು ಸರ್ವಮಂಗಳ ನಕ್ಕಳು. “ಭಾವ ದೊನ್ನೆ ಎತ್ತಿದ್ರಾ? ಹೋದ ಸಲ ಯಾರೋ ಬಂದಿದ್ದಾಗ ದೊನ್ನೆ ಜೊತೆ ಚೊಂಬೂ ನುಂಗಿದ್ರು. ಕುಡಿದೋರು ಹಿಂಗೆ ಎದ್ದು ಕುಣಿಯಲ್ಲ ನಸೀಮಾ. ಕುಡಿದಿದ್ದು ನಾನು. ಅವರು ಗೋಡೆ ಕಡೆ ತಿರುಗಿ ನಿಂತಿದ್ರು.”

ನಾನು ಕೂತುಕೊಂಡೆ. ಶಾಲು ಸರಿಮಾಡಿಕೊಳ್ಳುವವನಂತೆ ಮಾಡಿದೆ. ಮೈಮೇಲೆ ಶಾಲು ಇರಲಿಲ್ಲ.

ಅವಳನ್ನು ನಸೀಮಾ ಕಂಬಕ್ಕೆ ಒರಗಿಸಿ ಕೂರಿಸಿದಳು. ಸರ್ವಮಂಗಳ ಸ್ವಲ್ಪ ಸುಧಾರಿಸಿಕೊಂಡು ಹೇಳಿದಳು: “ಯಾಕೆ ಬಿಟ್ಟೆ ಅಂತ ಕೇಳೋಕೆ ಬಂದೆ ಅಲ್ವಾ? ಬರ್ಕೋ. ಬಹುಮಾನ, ಪೀಠ, ಅದೆಲ್ಲ ಬೇಡ, ಇದೊಂದೇ ಸಾಕು. ಒಂದು ಚುಕ್ಕೆ ದೂರ ಬಿದ್ದಿತ್ತು. ಹೋಗಿ ಯಾರು ಅಂತ ನೋಡಬೇಕಾಗಿತ್ತು, ನೋಡಲಿಲ್ಲ. ಲೋಟ ಕೊಳೆ ಅಂತ ನಂಬೋಕೆ ನಂಗೆ ಅನುಕೂಲ ಇತ್ತು, ನಂಬಿದೆ. ಅಳಿಸಿದ್ದು ನನ್ನಕ್ಕನ್ನ. ಆವಾಗ ಕಂಡಿದ್ರೆ ತೊಟ್ಟು ನಿಲ್ಲಿಸಿ ಬದುಕಿಸಬಹುದಿತ್ತು. ಹಿಂಗೊಬ್ಬ ದಡ್ಡಿ ಇದ್ಲು ಅಂತ ಬರಿ. ಕಲಿಯೋ ಮಕ್ಕಳಿಗೆ ಓದಿಸು.”

ನಸೀಮಾ ಪೆನ್ನಿನ ಮುಚ್ಚಳ ತೆಗೆದಳು. ಮೊದಲ ಸಾಲು ಬರೆದಳು. ಅವಳ ಅಕ್ಷರ ಗುಂಡಗಿತ್ತು, ಅಚ್ಚಿನ ಹಾಗೆ. ಆ ಸಭಾಂಗಣದಲ್ಲಿ, ನಕ್ಕವರ ಮುಂದೆ, ಅದನ್ನು ಗಟ್ಟಿಯಾಗಿ ಓದುತ್ತಾರೆ. ಡಾಕ್ಟರ್ ಸರ್ವಮಂಗಳ ಸ್ವಂತ ಅಕ್ಕನನ್ನು ಅಳಿಸಿದಳು ಎಂದು ಇನ್ನು ಹುಟ್ಟುವ ಮಕ್ಕಳೂ ಓದುತ್ತಾರೆ.

“ಬರೀಬ್ಯಾಡ ಕಣವ್ವಾ,” ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

“ಯಾಕೆ ಭಾವ? ಇನ್ನೂ ಚೆನ್ನಾಗಿರೋದು ಒಂದು ಇದೆಯಾ?” ಎಂದಳು ಸರ್ವಮಂಗಳ.

“ಲೋಟ ಕೊಳೆ ಇರ್ಲಿಲ್ಲ,” ಎಂದೆ.

ಅವಳು ಕಂಬ ಬಿಟ್ಟು ಮುಂದಕ್ಕೆ ಬಾಗಿದಳು.

“ತೊಳ್ದಿದ್ದೆ. ನಮ್ಮ ಮನೆ ಲೋಟ ಅದು, ನಾನೇ ತಂದಿದ್ದು. ನೀನು ಹಾಳೆ ತೋರಿಸಿದ ಕೂಡ್ಲೆ ಗೊತ್ತಾಯ್ತು ಆ ಚುಕ್ಕೆ ಯಾರು ಅಂತ. ಹೇಳಿದ್ರೆ ನೀನು ತೊಟ್ಟು ನಿಲ್ಲಿಸ್ತಿದ್ದೆ. ದೊನ್ನೆ ಉಳೀತಿತ್ತು. ಗುರುಮಲ್ಲಪ್ಪನ ದೊನ್ನೇಲಿ ಯಾವಾಗ್ಲೂ ಉಳೀತಿತ್ತು, ಹೆಂಡ್ತಿ ಕುಡಿದು ಮುಗಿಸ್ತಿದ್ಲು ಅಂತ ಊರಿಗೆ ಗೊತ್ತಾಗ್ತಿತ್ತು. ಅದೇ ವಾರ ಶಾಲು ಇತ್ತು. ಅದಕ್ಕೆ ಕೊಳೆ ಅಂದೆ.”

ನಸೀಮಾಳ ಪೆನ್ನು ನಿಂತಿತ್ತು. ಹೇಳಲು ಶುರು ಮಾಡಿದ ಮೇಲೆ ಉಳಿದದ್ದನ್ನು ಬಾಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. “ನಿಂಗೆ ಹೇಳಬ್ಯಾಡಿ ಅಂತ ಅವಳು ಆಣೆ ಇಡಿಸ್ಕೊಳ್ಳಲೂ ಇಲ್ಲ. ಅವಳಿಗೆ ಯಾವುದೂ ಗೊತ್ತಿರ್ಲಿಲ್ಲ. ನಾಕು ತೊಟ್ಟಿಗೆ ಏನಾಯ್ತದೆ ಅಂದ್ಕೊಂಡಿದ್ಲು. ನಾನು ಹೇಳಿರ್ಲಿಲ್ಲ.”

ಸರ್ವಮಂಗಳ ಬಟ್ಟೆ ಸುತ್ತಿದ ಕಾಲು ಎಳೆದುಕೊಂಡು ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಅವಳಿಗೆ ತೊಟ್ಟು ಮುಟ್ಟಿಸಬಾರದು ಅಂತ ನಿಮಗೆ ಅರ್ಥ ಆಗಿತ್ತಾ ಭಾವ, ಇಲ್ವಾ? ಏರಿ ಅಂದಿದ್ದು, ತುಂಬಿದೆ ಅಂದಿದ್ದು?”

“ಆಗಿತ್ತು.”

“ಯಾವಾಗಿಂದ?”

“ನೀನು ಹೇಳಿದ ದಿನದಿಂದ,” ಎಂದೆ. “ಮೊದಲನೇ ತೊಟ್ಟು ಕೊಡುವಾಗಲೂ ಗೊತ್ತಿತ್ತು.”